ಮ್ಯಾಕ್ರೋಗೆ ಹೊಸದೇನೂ ಸಿಗ್ತಿಲ್ವಾ? ಎಕ್ಕದ ಗಿಡದ ಹತ್ತಿರ ಕೂತು ನೋಡಿ

ಪ್ರಶ್ನೆ: ನಾನು ದಾವಣಗೆರೆಯವನು. ಎರಡು ವರ್ಷದ ಹಿಂದೆ, ಸಣ್ಣ ವಸ್ತುಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್ ಕೊಂಡೆ. ದಾಸವಾಳ, ಇಬ್ಬನಿ, ಇರುವೆ, ಚಿಟ್ಟೆ ಎಲ್ಲಾ ತೆಗೆದಾಯ್ತು. ಈಗ ಏನು ತೆಗೆದರೂ ಹಳೆಯದೇ ಅನ್ನಿಸುತ್ತೆ. ಮಲೆನಾಡಿಗೆ ಹೋಗೋಣ ಅಂದರೆ ರಜೆ ಸಿಗಲ್ಲ. ಹೊಸದಾಗಿ ಏನು ತೆಗೆಯಲಿ?

ಉತ್ತರ: ಮಲೆನಾಡಿಗೆ ಹೋದರೆ ಹೊಸ ಹುಳಗಳು ಸಿಗುತ್ತವೆ, ನಿಜ. ಆದರೆ ಎರಡು ದಿನದಲ್ಲಿ ಅವುಗಳ ಮುಖ ಸಿಗುತ್ತದೆ, ಬದುಕು ಸಿಗುವುದಿಲ್ಲ. ನಿಮಗೆ ಬೇಸರ ಬಂದಿರುವುದೂ ಇದರಿಂದಲೇ ಇರಬೇಕು. ಮನೆ ಹತ್ತಿರ ಖಾಲಿ ಸೈಟಿನಲ್ಲೋ ರಸ್ತೆ ಬದಿಯಲ್ಲೋ ಒಂದು ಎಕ್ಕದ ಗಿಡ ಇದ್ದೇ ಇರುತ್ತದೆ. ಒಂದು ತಿಂಗಳು ಅದನ್ನೇ ತೆಗೆಯಿರಿ.

ಮೊದಲು ಹೂವು. ಹನುಮಂತನ ಹಾರದಲ್ಲಿ ದಿನಾ ನೋಡುವ ಹೂವೇ. ಅದರ ನಡುವಿನ ಕಿರೀಟದ ತುದಿಯಲ್ಲಿ ಐದು ಮೂಲೆಯ ಚಪ್ಪಟೆ ಜಾಗವಿದೆ. ಪ್ರತಿ ಮೂಲೆಯಲ್ಲೂ ಒಂದು ಸಣ್ಣ ಕಪ್ಪು ಚುಕ್ಕಿ. ಸೂಜಿಯ ಮೊನೆಯಿಂದ ಆ ಚುಕ್ಕಿಯನ್ನು ಮೆಲ್ಲಗೆ ಮೇಲಕ್ಕೆತ್ತಿ. ಎರಡು ಹಳದಿ ಚೀಲಗಳು ಅದಕ್ಕೆ ಜೋತುಬಿದ್ದು ಹೊರಗೆ ಬರುತ್ತವೆ. ಅವೇ ಪರಾಗದ ಚೀಲಗಳು, ಚುಕ್ಕಿ ಅವುಗಳ ಕ್ಲಿಪ್ಪು. ಮಕರಂದಕ್ಕೆ ಬಂದ ಕಪ್ಪು ದುಂಬಿಯ ಕಾಲಿಗೆ ಇದು ಸಿಕ್ಕಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಕಾಲಿನಲ್ಲಿ ಚೀಲ ನೇತಾಡುತ್ತಿರುವ ದುಂಬಿ ಸಿಕ್ಕರೆ ಬಿಡಬೇಡಿ. ನೂರು ಇಬ್ಬನಿ ಚಿತ್ರಗಳಿಗಿಂತ ನನಗೆ ಅದೊಂದೇ ಜಾಸ್ತಿ.

ಆಮೇಲೆ ಎಲೆಯ ಅಡಿ ನೋಡಿ. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಅಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಸಾಸಿವೆ ಕಾಳಿಗಿಂತ ಸಣ್ಣದು, ಮೈತುಂಬಾ ಉದ್ದುದ್ದ ಗೆರೆ. ದಿನಾ ಹೋಗಿ ನೋಡುತ್ತಿರಿ. ಮೊಟ್ಟೆಯ ತುದಿ ಕಪ್ಪಾಯಿತು ಅಂದರೆ ಒಳಗಿನ ಮರಿಯ ತಲೆ ಕಾಣುತ್ತಿದೆ ಅಂತ ಅರ್ಥ. ಇನ್ನು ಹೆಚ್ಚು ಹೊತ್ತಿಲ್ಲ, ಟ್ರೈಪಾಡ್ ಹಾಕಿ ಕಾಯಿರಿ. ಹೊರಬಂದ ಮರಿ ಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನೇ.

ಚಿಗುರಿನಲ್ಲಿ ಹಳದಿ ಗಿಡಹೇನುಗಳು ಮುತ್ತಿರುತ್ತವೆ, ಕಾಲುಗಳು ಕಪ್ಪು. ಗಂಡು ಇಲ್ಲದೆಯೇ ಇವು ಮರಿ ಹಾಕುತ್ತವೆ. ತಾಳ್ಮೆಯಿಂದ ಕೂತರೆ ಮರಿ ಹೊರಬರುವ ಗಳಿಗೆಯೇ ಸಿಗಬಹುದು. ಅಲ್ಲಲ್ಲಿ ಊದಿಕೊಂಡು ಕಂದು ಬಣ್ಣಕ್ಕೆ ತಿರುಗಿದ ಹೇನುಗಳೂ ಕಾಣುತ್ತವೆ. ಅವುಗಳ ಬೆನ್ನಿನಲ್ಲಿ ದುಂಡಗಿನ ತೂತು ಇದ್ದರೆ, ಒಳಗೇ ಬೆಳೆದ ಸಣ್ಣ ಕಣಜ ಕೊರೆದು ಹಾರಿಹೋಗಿದೆ ಅಂತ. ಹೇನು ತಿನ್ನಲು ಗುಲಗಂಜಿ ಹುಳವೂ ಬರುತ್ತದೆ.

ಬೆಳಿಗ್ಗೆ ಗಾಳಿ ಏಳುವ ಮೊದಲೇ ಹೋಗಿ. ಫ್ಲ್ಯಾಷ್ ಮುಂದೆ ಬಟರ್ ಪೇಪರ್ ಹಿಡಿದರೆ ಬೆಳಕು ಮೆತ್ತಗಾಗುತ್ತದೆ. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ (ಅಪರ್ಚರ್) ಎಫ್/8ರಿಂದ ಎಫ್/11ರೊಳಗೆ ಇರಲಿ. ಇನ್ನೂ ಮುಚ್ಚಿದರೆ ಫೋಕಸ್ ಆಳ ಹೆಚ್ಚುತ್ತದೆ, ಆದರೆ ಚಿತ್ರದ ಸ್ಪಷ್ಟತೆ ಕಡಿಮೆಯಾಗುತ್ತದೆ.

ಮಳೆ ಬಂದ ದಿನ ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಗಸಗಸೆ ತನ್ನಿ. ಒಂದೊಂದು ಕಾಳೂ ಮೂತ್ರಪಿಂಡದ ಆಕಾರದಲ್ಲಿದ್ದು, ಮೇಲೆಲ್ಲಾ ಜೇನುಹಟ್ಟಿಯಂಥ ಬಲೆ ಇರುತ್ತದೆ. ಕಾಳಿನ ಉದ್ದ ಸುಮಾರು 1 ಮಿಲಿಮೀಟರ್ ಅಷ್ಟೇ, ಹಾಗಾಗಿ ನಿಮ್ಮ ಲೆನ್ಸಿನ 1:1 (ವಸ್ತು ಇದ್ದಷ್ಟೇ ಗಾತ್ರದಲ್ಲಿ ಕ್ಯಾಮೆರಾದ ಸೆನ್ಸರ್ ಮೇಲೆ ಬೀಳುವುದು) ಸಾಲದು. ಹಳೆಯ 18-55 ಎಂಎಂ ಜೂಮ್ ಲೆನ್ಸ್ ಇದ್ದರೆ ರಿವರ್ಸ್ ರಿಂಗ್ (ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ಬಳೆ) ಹಾಕಿ ತಿರುಗಿಸಿ ಕೂರಿಸಿ. 55ರಿಂದ 18ರ ಕಡೆಗೆ ಹೋದಷ್ಟೂ ಕಾಳು ದೊಡ್ಡದಾಗಿ ಕಾಣುತ್ತದೆ. ಹಾಗೆಯೇ ಒಂದು ಲೋಟ ನೀರಿಗೆ ಕಾಮಕಸ್ತೂರಿ ಬೀಜ ಹಾಕಿ, ಅದರ ಸುತ್ತ ಲೋಳೆ ಉಬ್ಬುವುದನ್ನೂ ತೆಗೆಯಿರಿ.

ಒಂದು ಮಾತು ಮಾತ್ರ ಮರೆಯಬೇಡಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಎಲೆ ಕೀಳಬೇಡಿ, ಮೆಲ್ಲಗೆ ಬಗ್ಗಿಸಿ ನೋಡಿ. ಹಾಲು ಬೆರಳಿಗೆ ತಾಗಿದರೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಚೀಲದಲ್ಲಿ ಒಂದು ಬಾಟಲಿ ನೀರು, ಸಣ್ಣ ಸೋಪು ಇರಲಿ.