ಜಾಮೀನು ಸಿಕ್ಕ ಮೇಲೂ ಕೆಲವರು ಜೈಲಿನಲ್ಲೇ ಇರುತ್ತಾರಲ್ಲ, ಯಾಕೆ?

ಜಾಮೀನು ಆದೇಶ ಬೇರೆ, ಬಿಡುಗಡೆ ಬೇರೆ. ಸಾಮಾನ್ಯವಾಗಿ ಶ್ಯೂರಿಟಿ, ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆಂದು ಬೇರೊಬ್ಬರ ಹೊಣೆ, ಕೇಳುತ್ತಾರೆ. ಪಹಣಿ ಹಿಡಿದು ಬಂದು ಸಹಿ ಹಾಕುವವರು ಬೇಕು. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ರಾಯಚೂರಿನವನು ಅಂಥವರನ್ನು ಎಲ್ಲಿಂದ ತರಬೇಕು?

ಹೊಸ ಕಥೆಯೇನಲ್ಲ. ಮಧ್ಯಪ್ರದೇಶದ ಮೇಸ್ತ್ರಿ ಮೋತಿ ರಾಮ್‌ಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಸಹೋದರ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯದ್ದೆಂದು ತಳ್ಳಿಹಾಕಿದರು! 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಬಾಂಡಿನ (ತಾನೇ ಬರೆದುಕೊಡುವ ಮುಚ್ಚಳಿಕೆ) ಮೇಲೆ ಬಿಡಿಸಿದರು.

ಸುಪ್ರೀಂ ಕೋರ್ಟಿನ 2023ರ ಜನವರಿಯ ನಿರ್ದೇಶನದಂತೆ, ಜಾಮೀನಾಗಿ 7 ದಿನವಾದರೂ ಕೈದಿ ಹೊರಬರದಿದ್ದರೆ ಜೈಲಿನವರು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ, ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಶೀಲಿಸಬಹುದು. ನಿಮ್ಮವರು ಯಾರಾದರೂ ಒಳಗಿದ್ದರೆ ಮೊದಲು ಆ ಪ್ರಾಧಿಕಾರದ ಕಚೇರಿಗೆ ಹೋಗಿ.