ದೋಣಿ ಟ್ರೇಲರಿನ ಲ್ಯಾಚ್ ಹಿಡಿಯುತ್ತಿಲ್ಲ, ಹಿಡಿದರೆ ಬಿಡುತ್ತಿಲ್ಲ: ಬದಲಿಸಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಹೋಂಸ್ಟೇಯ ಫೈಬರ್ ದೋಣಿಗಾಗಿ ತಾನಾಗಿಯೇ ಹಿಡಿದುಕೊಳ್ಳುವ ಲ್ಯಾಚ್ ತರಿಸಿ ಟ್ರೇಲರಿನ ವಿಂಚ್ (ಬೆಲ್ಟು ಸುತ್ತಿ ದೋಣಿಯನ್ನು ಮೇಲೆಳೆಯುವ ಕೈರಾಟೆ) ಕಂಬಕ್ಕೆ ಕೂರಿಸಿದ್ದೀರಿ. ಸೆಪ್ಟೆಂಬರಿನಲ್ಲಿ ಹೇಮಾವತಿ ಹಿನ್ನೀರಿನಲ್ಲಿ ದೋಣಿ ಬಂದು ತಾಕಿದೊಡನೆ ಹಿಡಿಯುತ್ತಿತ್ತು. ಬೇಸಿಗೆ ಬಂದ ಮೇಲೆ ಒಮ್ಮೆ ಹಿಡಿದರೆ ಇನ್ನೊಮ್ಮೆ ಹಿಡಿಯುವುದಿಲ್ಲ, ಹಿಡಿದಾಗ ಲಿವರ್ ಎಳೆದರೂ ಬಿಡುವುದಿಲ್ಲ. ಹಣ ಕೊಟ್ಟು ಬೇರೆಯದನ್ನು ತರಿಸಬೇಕೇ ಎಂದು ಕೇಳಿದ್ದೀರಿ.

ಸದ್ಯಕ್ಕೆ ಬೇಡ. ದೋಣಿ ಮತ್ತು ಟ್ರೇಲರ್ ದುರಸ್ತಿ ನನ್ನ ಕೆಲಸ. ಇಂಥ ದೂರು ಬಂದಾಗ ತಪ್ಪು ಲ್ಯಾಚಿನಲ್ಲಿರುವುದು ಅಪರೂಪ. ನಿಮ್ಮ ವಿಷಯದಲ್ಲಿ ಬದಲಾಗಿರುವುದು ಟ್ರೇಲರ್ ನಿಲ್ಲುವ ನೆಲ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ನೀರು ಅದರ ಹತ್ತಿರವಿದ್ದಾಗ ನೀವು ದೋಣಿ ಇಳಿಸುವುದು ಹುಲ್ಲು ಬೆಳೆದ ಗಟ್ಟಿ ದಂಡೆಯಲ್ಲಿ. ಅದೇ ಹಿನ್ನೀರಿನಲ್ಲಿ, ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಸುತ್ತ ಬೇಸಿಗೆಯಲ್ಲಿ ನಡೆದಾಡಬಹುದು. ಅಂದರೆ ನೀರಿನ ಅಂಚು ಅಷ್ಟು ದೂರ ಹಿಂದೆ ಸರಿದಿರುತ್ತದೆ, ಅಲ್ಲಿನ ಇಳಿಜಾರೂ ಬೇರೆ, ಮೇಲೆ ಹೂಳು. ಟ್ರೇಲರ್ ಬೇರೆ ಕೋನದಲ್ಲಿ ನಿಂತರೆ ದೋಣಿಯ ಮೂತಿಯಲ್ಲಿರುವ ಬಳೆ ಲ್ಯಾಚಿನ ಬಾಯಿಗೆ ಬೇರೆ ಎತ್ತರದಲ್ಲಿ ಬಂದು ತಾಕುತ್ತದೆ. ಕೆಲವೊಮ್ಮೆ ತಾಕುವುದೇ ಇಲ್ಲ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ದೋಣಿಯನ್ನು ಬದಿಗಿರಿಸಿ, ಬಳೆಯಷ್ಟೇ ದಪ್ಪದ ಕಬ್ಬಿಣದ ಸಲಾಕೆಯೊಂದನ್ನು ಅಡ್ಡವಾಗಿ ಹಿಡಿದು ಲ್ಯಾಚಿನ ಬಾಯಿಗೆ ನೇರವಾಗಿ ಒತ್ತಿ. ಪ್ರತಿ ಸಲವೂ ಟಕ್ಕೆಂದು ಹಿಡಿದು, ಲಿವರ್ ಎಳೆದಾಗ ಸಲೀಸಾಗಿ ಬಿಟ್ಟರೆ ಒಳಗಿನ ಕೆಲಸ ಚೆನ್ನಾಗಿದೆ. ಸಲಾಕೆಗೂ ಅದು ತಡವರಿಸಿದರೆ ಮೊದಲು ಶುದ್ಧ ನೀರಿನಿಂದ ಜೋರಾಗಿ ತೊಳೆಯಿರಿ. ನಮ್ಮ ಕಡೆಯ ಹೂಳು ಬಹಳ ನುಣುಪು, ಬಳೆಯನ್ನು ಹಿಡಿಯುವ ಲ್ಯಾಚಿನ ಕೊಕ್ಕೆಯ ಸಂದಿಗೆ ಇಳಿದು ಒಣಗಿದರೆ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ. ಆಮೇಲೆ ಕೊಕ್ಕೆ ತಿರುಗುವ ಬೋಲ್ಟನ್ನು ನೋಡಿ. ಭದ್ರವಾಗಿರಲಿ ಎಂದು ಅದನ್ನು ಅತಿಯಾಗಿ ಬಿಗಿದರೆ ಎರಡು ಪಕ್ಕದ ತಗಡುಗಳು ಕೊಕ್ಕೆಯನ್ನು ಒತ್ತಿ ಹಿಡಿಯುತ್ತವೆ, ಸ್ಪ್ರಿಂಗಿಗೆ ಅದನ್ನು ತಿರುಗಿಸುವ ಶಕ್ತಿ ಸಾಲುವುದಿಲ್ಲ. ಅಲ್ಲಿ ನೈಲಾನ್ ಹಿಡಿತದ ನಟ್ಟು ಹಾಕಿ, ಕೊಕ್ಕೆ ಆಡುವಷ್ಟು ಸಡಿಲ ಬಿಡಿ. ಗ್ರೀಸನ್ನು ಮೆತ್ತಬೇಡಿ, ಅದಕ್ಕೆ ಮಣ್ಣು ಅಂಟುತ್ತದೆ. ಸಿಲಿಕೋನ್ ಸ್ಪ್ರೇ ಸಾಕು.

ಇನ್ನು ಜೋಡಣೆ. ಸಮತಟ್ಟಾದ ನೆಲದಲ್ಲಿ ದೋಣಿಯನ್ನು ವಿಂಚಿನಿಂದ ಪೂರ್ತಿ ಎಳೆದು, ಮೂತಿ ವಿಂಚ್ ಕಂಬದ ರಬ್ಬರ್ ರೋಲರಿಗೆ ತಾಗುವಂತೆ ಟ್ರೇಲರಿನ ಹಲಗೆಗಳ ಮೇಲೆ ಕೂರಿಸಿ. ಆಗ ಬಳೆ ಎಲ್ಲಿದೆಯೋ ಅದೇ ಎತ್ತರಕ್ಕೆ ಲ್ಯಾಚಿನ ಬಾಯಿಯ ನಡುಭಾಗ ಬರಬೇಕು, ಎಡಬಲಕ್ಕೂ ನೇರವಿರಬೇಕು. ಒಂದು ವಿಷಯ ಗಮನಿಸಿ: ನೀರಿನಿಂದ ಮೇಲೆ ಎಳೆದಾಗ ದೋಣಿ ಹಲಗೆಗಳ ಮೇಲೆ ಕುಳಿತುಕೊಳ್ಳುತ್ತಾ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಮೂತಿಗೂ ರೋಲರಿಗೂ ನಡುವೆ ಬೆರಳು ತೂರುವಷ್ಟು ಜಾಗ ಕಾಣಿಸಿದರೆ ಗಾಬರಿ ಬೇಡ. ಆ ಜಾಗ ಮುಚ್ಚಲೆಂದು ಲ್ಯಾಚನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ನೀರಿನಲ್ಲಿ ಅದು ಎಂದೂ ಹಿಡಿಯುವುದಿಲ್ಲ.

ನೆಲದ ಮೇಲೆ ಜಾಗ ಗೊತ್ತಾದ ಮೇಲೆ ಲ್ಯಾಚನ್ನು ಅಲ್ಲಾಡಿಸಬೇಡಿ. ನೀರಿನಲ್ಲಿ ಹೊಂದಿಸಬೇಕಾದದ್ದು ಟ್ರೇಲರ್ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಮಾತ್ರ. ತೀರ ಆಳಕ್ಕೆ ಹೋದರೆ ಮೂತಿ ತೇಲಿ ಬಳೆ ಲ್ಯಾಚಿನ ಮೇಲೆಯೇ ಹಾದುಹೋಗುತ್ತದೆ. ಕಡಿಮೆಯಾದರೆ ದೋಣಿಯ ತಳ ಹಲಗೆಗೆ ಉಜ್ಜಿ ಬಳೆ ಬಾಯಿಯವರೆಗೆ ತಲುಪುವುದಿಲ್ಲ. ಚಕ್ರದ ಮಡ್‌ಗಾರ್ಡಿನ ಮೇಲಂಚು ನೀರಿನ ಮಟ್ಟಕ್ಕೆ ಬರುವಷ್ಟು ಇಳಿಸಿ ಆರಂಭಿಸಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಹೆಚ್ಚು ಕಡಿಮೆ ಮಾಡಿ. ಸರಿಯಾದ ಆಳ ಸಿಕ್ಕಾಗ ವಿಂಚ್ ಕಂಬದ ಮೇಲೆ ನೀರು ಎಲ್ಲಿದೆ ಎಂದು ಪೇಂಟಿನಲ್ಲಿ ಗುರುತು ಹಾಕಿಕೊಳ್ಳಿ. ಇಳಿಜಾರು ಬದಲಾದರೆ ಗುರುತೂ ಬದಲಾಗುತ್ತದೆ. ಮಳೆಗಾಲಕ್ಕೊಂದು, ಬೇಸಿಗೆಗೊಂದು ಇರಲಿ.

ಬಿಡದಿರುವುದಕ್ಕೆ ಕಾರಣ ಬಹುಮಟ್ಟಿಗೆ ಭಾರ. ಇಳಿಜಾರಿನಲ್ಲಿ ದೋಣಿ ಹಿಂದಕ್ಕೆ ಜಗ್ಗುತ್ತಿರುವಾಗ ಆ ಎಳೆತವೆಲ್ಲ ಕೊಕ್ಕೆಯ ಮೇಲಿರುತ್ತದೆ. ಸುತ್ತಿಗೆಯಿಂದ ಹೊಡೆಯಬೇಡಿ. ವಿಂಚನ್ನು ಒಂದೆರಡು ಹಲ್ಲು ಬಿಗಿದು ಭಾರವನ್ನು ವಿಂಚ್ ಬೆಲ್ಟಿಗೆ ವರ್ಗಾಯಿಸಿ, ಲಿವರ್ ಬಿಡುತ್ತದೆ. ಆದರೆ ದೋಣಿಯ ಹಿಂಭಾಗ ನೀರಿನಲ್ಲಿ ತೇಲುವ ತನಕ ಬೆಲ್ಟನ್ನಾಗಲಿ ಮೂತಿಯ ಸುರಕ್ಷತಾ ಸರಪಳಿಯನ್ನಾಗಲಿ ಬಿಚ್ಚಲೇಬೇಡಿ. ಒಣ ನೆಲದಲ್ಲಿ ಬಿಚ್ಚಿದರೆ ದೋಣಿ ಜಾರಿ ಎಂಜಿನ್ ಸಮೇತ ಮಣ್ಣಿಗೆ ಬೀಳುತ್ತದೆ, ಹಿಂದೆ ಯಾರಾದರೂ ನಿಂತಿದ್ದರೆ ಮುಗಿಯಿತು. ವಿಂಚ್ ಹಿಡಿಯ ಎದುರಿಗೂ ನಿಲ್ಲಬೇಡಿ. ಹಲ್ಲು ತಪ್ಪಿದರೆ ಅದು ತಿರುಗಿ ಹೊಡೆಯುವ ರಭಸಕ್ಕೆ ಮಣಿಕಟ್ಟು ಮುರಿಯುತ್ತದೆ.

ನಿಮ್ಮ ಫೋಟೊದಲ್ಲಿ ಕಂಡ ಇನ್ನೊಂದು ತೊಡಕು: ವಿಂಚ್ ಬೆಲ್ಟಿನ ಕೊಕ್ಕೆ, ಸರಪಳಿ, ಲ್ಯಾಚ್ ಮೂರೂ ಒಂದೇ ಬಳೆಗೆ ಬರುತ್ತಿವೆ. ಅಲ್ಲಿ ಅಷ್ಟು ಜಾಗವಿಲ್ಲ. ಬೆಲ್ಟಿನ ಕೊಕ್ಕೆ ಅಡ್ಡ ನಿಂತರೆ ಲ್ಯಾಚ್ ಹೇಗೆ ಮುಚ್ಚಿಕೊಳ್ಳಬೇಕು? ಮೂತಿಯಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಬಳೆ ಹಾಕಿಸಿ. ಒಳಗಡೆ ಅಗಲವಾದ ಲೋಹದ ಪಟ್ಟಿ ಕೊಟ್ಟು, ತೂತಿಗೆ ನೀರು ಇಳಿಯದಂತೆ ಸೀಲೆಂಟ್ ತುಂಬಿಯೇ ಬಿಗಿಯಬೇಕು. ಬರಿಯ ವಾಷರ್ ಇಟ್ಟರೆ ಫೈಬರ್ ಸೀಳುತ್ತದೆ.

ಲ್ಯಾಚನ್ನು ಕಂಬಕ್ಕೆ ವೆಲ್ಡ್ ಮಾಡಿಸುವ ಯೋಚನೆಯನ್ನೂ ಕೇಳಿದ್ದೀರಿ. ದಯವಿಟ್ಟು ಬಿಡಿ. ವೆಲ್ಡಿಂಗಿನ ಕಾವಿಗೆ ಸತುವಿನ ಲೇಪ ಸುಟ್ಟುಹೋಗಿ ಮೊದಲ ಮಳೆಗಾಲದಲ್ಲೇ ತುಕ್ಕು ಶುರುವಾಗುತ್ತದೆ, ಆ ಹೊಗೆ ಕೆಲಸ ಮಾಡುವವನಿಗೆ ಜ್ವರ ತರಿಸುತ್ತದೆ. ಯು-ಬೋಲ್ಟುಗಳಲ್ಲಿ ಕಟ್ಟಿ. ತೂತು ಕೊರೆಯಲೇಬೇಕಾದರೆ ಅಂಚಿಗೆ ಸತುವಿನ ಪೇಂಟ್ ಬಳಿಯಿರಿ, ಟೊಳ್ಳು ಪೈಪಿನೊಳಗೆ ಒಂದು ಬುಶ್ (ಬೋಲ್ಟಿನ ಸುತ್ತ ಕೂರುವ ಗಟ್ಟಿ ಕೊಳವೆ ತುಂಡು) ಇಟ್ಟು ಬಿಗಿಯಿರಿ, ಇಲ್ಲದಿದ್ದರೆ ಪೈಪ್ ಅಪ್ಪಚ್ಚಿಯಾಗುತ್ತದೆ.

ಲ್ಯಾಚ್ ಇರುವುದು ನೀರಿನ ಅಂಚಿನಲ್ಲಿ ಒಬ್ಬರೇ ದೋಣಿ ಹತ್ತಿಸಲು ಅನುಕೂಲವಾಗಲೆಂದು. ರಸ್ತೆಯಲ್ಲಿ ದೋಣಿಯನ್ನು ಹಿಡಿಯುವ ಹೊಣೆ ಅದರದಲ್ಲ. ಮುಂದೆ ವಿಂಚ್ ಬೆಲ್ಟು ಮತ್ತು ಸರಪಳಿ, ಹಿಂದೆ ಎರಡು ರ‍್ಯಾಚೆಟ್ ಬೆಲ್ಟು ಇಲ್ಲದೆ ಟ್ರೇಲರ್ ಗೇಟು ದಾಟಬಾರದು, ಊರೊಳಗಿನ ಓಡಾಟವಾದರೂ ಸರಿ. ಎಂಜಿನ್ ಸರ್ವಿಸಿಗೆ ಮಂಗಳೂರಿಗೆ ಒಯ್ಯುತ್ತೀರಿ ಎಂದು ಬರೆದಿದ್ದೀರಿ. ಶಿರಾಡಿ ಘಾಟಿ ಇಳಿಯುವಾಗ ಪ್ರತಿ ಬ್ರೇಕಿಗೂ ದೋಣಿ ಮುಂದಕ್ಕೆ ನುಗ್ಗುತ್ತದೆ, ಹತ್ತುವಾಗ ಹಿಂದಕ್ಕೆ ಜಗ್ಗುತ್ತದೆ. ಸಕಲೇಶಪುರದಲ್ಲಿ ಒಮ್ಮೆ ನಿಲ್ಲಿಸಿ ಎಲ್ಲ ಬೆಲ್ಟುಗಳನ್ನೂ ಕೈಯಿಂದ ಎಳೆದು ನೋಡಿ, ಸಡಿಲವಾಗಿದ್ದರೆ ಬಿಗಿದು ಮುಂದೆ ಹೋಗಿ.

ಮೊದಲು ಸಲಾಕೆಯಿಂದ ಪರೀಕ್ಷಿಸಿ. ದೋಣಿ ಟ್ರೇಲರಿನ ಮೇಲೆ ಪೂರ್ತಿ ಕುಳಿತಿರುವಾಗ ಪಕ್ಕದಿಂದ ತೆಗೆದ ಫೋಟೊ ಒಂದನ್ನು ಇಲ್ಲಿಯೇ ಹಾಕಿ. ಬಳೆಯ ಎತ್ತರ ನೋಡಿ, ಲ್ಯಾಚನ್ನು ಎತ್ತಬೇಕೋ ಇಳಿಸಬೇಕೋ ಹೇಳುತ್ತೇನೆ.