ಒಂದನೇ ತರಗತಿಗೂ ಮೊದಲೇ ‘ಫೇಲ್’ ಆದ ಹುಡುಗ

ಐದೂವರೆ ವರ್ಷದ ಗಂಡು ಮಗು. ಮನೆ ಮೈಸೂರಿನ ಬೋಗಾದಿ ಕಡೆ. ತಂದೆಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ತಾಯಿಗೆ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ. ತಾತ, ಅಜ್ಜಿ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ತಾತ ನಿವೃತ್ತ ಮೇಷ್ಟ್ರು. ಅಪ್ಪ ಅಮ್ಮನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಪುಟ್ಟ ಅಂತ ಕರೆಯೋಣ.

ಅವರು ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು 2025ರ ಏಪ್ರಿಲ್ ಕೊನೆಯಲ್ಲಿ. ಕೇಳಿದ್ದು ಒಂದೇ ಮಾತು: “ಮೇಡಂ, ಇವನನ್ನ ಯಾವ ಸ್ಕೂಲಿಗೆ ಹಾಕ್ಬೇಕು ಅಂತ ನೀವೇ ಹೇಳ್ಬಿಡಿ.” ತಾಯಿಗೆ ಊರಿನ ಇನ್ನೊಂದು ತುದಿಯಲ್ಲಿರುವ ಸಿಬಿಎಸ್‌ಇ ಶಾಲೆಯೇ ಆಗಬೇಕು. ತಂದೆಗೆ ಮನೆ ಹತ್ತಿರದ ಸ್ಟೇಟ್ ಸಿಲಬಸ್ ಇಂಗ್ಲಿಷ್ ಮೀಡಿಯಂ ಶಾಲೆ ಸಾಕು. ತಾತನ ಲೆಕ್ಕ ಬೇರೆ. ಮೊಮ್ಮಗ ಹಳ್ಳಿಯಲ್ಲಿ ತಮ್ಮ ಹತ್ತಿರವೇ ಇದ್ದು ಕನ್ನಡ ಮಾಧ್ಯಮದಲ್ಲಿ ಓದಬೇಕು, ಮುಂದೆ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರಲು ಬರೆಯುವ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಸಿಗಬೇಕು. ಮೂರೂ ಜನ ಮಗುವಿನ ಒಳ್ಳೆಯದಕ್ಕೇ ಜಗಳ ಆಡುತ್ತಿದ್ದರು. ಹಬ್ಬಕ್ಕೆ ಊರಿಗೆ ಹೋಗುವುದನ್ನೂ ಬಿಟ್ಟಿದ್ದರು.

ಎದ್ದು ಹೊರಡುವಾಗ ತಾಯಿ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. “ಎರಡು ತಿಂಗಳಿಂದ ರಾತ್ರಿ ಹಾಸಿಗೆ ಒದ್ದೆ ಮಾಡ್ಕೋತಿದ್ದಾನೆ. ಮೂರು ವರ್ಷಕ್ಕೇ ನಿಂತೋಗಿತ್ತು.” ನನಗೆ ಶಾಲೆಯ ವಿಷಯಕ್ಕಿಂತ ಇದೇ ದೊಡ್ಡದಾಗಿ ಕಂಡಿತು. ಮತ್ತೆ ಕೂರಿಸಿಕೊಂಡೆ.

ಹೀಗೆ ನಿಂತು ಹೋದದ್ದು ಮತ್ತೆ ಶುರುವಾದರೆ ಮೊದಲು ಹೋಗಬೇಕಾದದ್ದು ಮಕ್ಕಳ ಡಾಕ್ಟರ ಹತ್ತಿರ. ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಇವು ಇಲ್ಲ ಅಂತ ಖಾತ್ರಿ ಆದ ಮೇಲೆಯೇ ಮನಸ್ಸಿನ ಕಡೆ ನೋಡಬೇಕು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮುಂದಿನ ಸಲ ಪುಟ್ಟನನ್ನೂ ಕರೆತಂದರು.

ಒಳಗೆ ಬಂದವನು ಕುರ್ಚಿಯ ತುದಿಯಲ್ಲಿ ಕೂತ. ಮೇಜಿನ ಮೇಲಿದ್ದ ಬಣ್ಣದ ಪೆನ್ಸಿಲ್ ಮುಟ್ಟಲಿಲ್ಲ. ಆಮೇಲೆ ಕೇಳಿದ, “ಇಲ್ಲೂ ಪ್ರಶ್ನೆ ಕೇಳ್ತೀರಾ?” ಇಲ್ಲ, ಇಲ್ಲಿ ಆಟ ಅಷ್ಟೇ ಅಂದೆ. ನಂಬಲಿಲ್ಲ. ಜೇಡಿಮಣ್ಣಿನ ಡಬ್ಬ ಮುಂದಿಟ್ಟು ನಾನು ಸುಮ್ನೆ ಒಂದು ಎತ್ತು ಮಾಡತೊಡಗಿದೆ. ಸ್ವಲ್ಪ ಹೊತ್ತು ನೋಡಿ, ಅದಕ್ಕೆ ಕೊಂಬು ಹಿಂಗಲ್ಲ ಅಂತ ತಾನೇ ತಿದ್ದಿದ. ತಾತನ ಮನೆ ಎತ್ತಿನ ಹೆಸರು ಹೇಳಿದ. ಅದಕ್ಕೆ ಯಾವ ಹುಲ್ಲು ಇಷ್ಟ ಅಂತ ಹೇಳಿದ. ಹಾಗೇ ಮಣ್ಣು ಉರುಟುತ್ತಾ ಅಂದ: “ನಾನು ಫೇಲ್ ಆದ್ನಂತೆ. ಅಮ್ಮ ಅತ್ಲು.”

ನಡೆದದ್ದು ಇಷ್ಟು. ಆ ಚಳಿಗಾಲದಲ್ಲಿ ಪುಟ್ಟನನ್ನು ಮೂರು ಶಾಲೆಗೆ ‘ಇಂಟರ್ವ್ಯೂ’ಗೆ ಕರೆದುಕೊಂಡು ಹೋಗಿದ್ದರು. ಒಂದು ಕಡೆ ಅವನನ್ನು ಒಬ್ಬನನ್ನೇ ಒಳಗೆ ಕೂರಿಸಿ, ಬಣ್ಣದ ಹೆಸರು, ಹಣ್ಣಿನ ಹೆಸರು ಇಂಗ್ಲಿಷಿನಲ್ಲಿ ಕೇಳಿದರು. ಅವನಿಗೆ ಎಲ್ಲವೂ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಸೀಟು ಇಲ್ಲ ಅಂದರು. ಸ್ಕೂಟರಿನಲ್ಲಿ ವಾಪಸ್ ಬರುವಾಗ ಅಪ್ಪ ಅಂದಿದ್ದರು, “ಇನ್ನೊಂದ್ಸಲ ಹಿಂಗೆ ಫೇಲ್ ಆಗ್ಬೇಡ ಕಣೋ.” ಹೊಡೆದಿಲ್ಲ, ಬೈದಿಲ್ಲ. ಮಗುವಿಗೆ ಅಷ್ಟು ಮಾತೇ ಸಾಕಾಯಿತು.

ಇಲ್ಲಿ ಕಾನೂನಿನ ಮಾತು ಹೇಳಲೇಬೇಕು, ಬಹಳ ಪೋಷಕರಿಗೆ ಇದು ಗೊತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ, ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ, ಸಂದರ್ಶನ ಮಾಡಿ ಆರಿಸುವಂತಿಲ್ಲ. ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲವೂ 50,000 ರೂಪಾಯಿವರೆಗೆ ದಂಡ. ಡೊನೇಷನ್ ಕೇಳುವುದೂ ಅದೇ ಸೆಕ್ಷನ್ನಿನಲ್ಲಿ ತಪ್ಪು, ಅದಕ್ಕೆ ತೆಗೆದುಕೊಂಡ ಹಣದ 10 ಪಟ್ಟುವರೆಗೆ ದಂಡ. ಒಂದು ಶಾಲೆಯವರು ಇವರಿಂದ 40,000 ಡೊನೇಷನ್ ಕೇಳಿದ್ದರು. ತಾಯಿಯ ಬಳೆ ಅಡ ಇಡುವ ಮಾತೂ ಆಗಿತ್ತು. ದೂರು ಕೊಡುವುದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ಕೊಡಿ ಅಂದೆ. ಅವರು ಕೊಡಲಿಲ್ಲ. ಆ ನಿರ್ಧಾರ ಅವರದ್ದು. ಆದರೆ ಕಾನೂನೇ ಬೇಡ ಅಂದ ಪರೀಕ್ಷೆಯಲ್ಲಿ ಮಗು ಫೇಲ್ ಆಗುವುದಾದರೂ ಹೇಗೆ ಅಂತ ಕೇಳಿದಾಗ, ಅಪ್ಪ ತಲೆ ತಗ್ಗಿಸಿದರು.

ತಾಯಿಯ ಹಟಕ್ಕೆ ಕಾರಣ ಬೇರೆಯೇ ಇತ್ತು. ಆಕೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಗೇ ಮೊದಲು ಬಂದವರು. ಮಂಡ್ಯದಲ್ಲಿ ಸೈನ್ಸ್ ಪಿಯುಸಿ ಸೇರಿದರು. ಫಿಸಿಕ್ಸ್ ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೂ ತಲೆಗೆ ಹೋಗುತ್ತಿರಲಿಲ್ಲ. ಬೋರ್ಡಿನ ಮೇಲಿದ್ದದ್ದನ್ನು ಹಾಗೇ ಬರೆದುಕೊಂಡು ಬಂದು ಹಾಸ್ಟೆಲಿನಲ್ಲಿ ಅಳುತ್ತಿದ್ದರು. ತಿಂಗಳು ತುಂಬುವುದರೊಳಗೆ ಆರ್ಟ್ಸ್‌ಗೆ ಬದಲಾದರು. “ನಾನು ಪಟ್ಟ ಕಷ್ಟ ಇವನು ಪಡಬಾರದು ಮೇಡಂ.” ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಇಂಥ ನೋವು ಎಷ್ಟೋ ಮನೆಗಳಲ್ಲಿದೆ. ಆದರೆ ಅದು ಪಿಯುಸಿಯಲ್ಲಿ ಆದ ನೋವು. ಅದಕ್ಕೆ ಐದು ವರ್ಷದ ಮಗುವನ್ನು ಬೆಳಿಗ್ಗೆ ಏಳಕ್ಕೆ ಬಸ್ಸಿಗೆ ಹತ್ತಿಸುವುದು ಮದ್ದಲ್ಲ.

ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಆಕೆಗೆ ಹೇಳಿದ್ದು: ರಾತ್ರಿ ಮಲಗುವ ಮುಂಚೆ ಒಂದು ಕನ್ನಡ ಕಥೆ ಓದಿ ಹೇಳಿ, ಸಂಜೆ ಆಟದ ಜೊತೆ ಇಂಗ್ಲಿಷ್ ಪದ್ಯ, ಕಥೆ ಕೇಳಿಸಿ. ಮನೆಮಾತಿನಲ್ಲಿ ಓದು ಕೂತ ಮಗುವಿಗೆ ಎರಡನೇ ಭಾಷೆಯ ಓದು ಬೇಗ ಹತ್ತುತ್ತದೆ. ಯಾವ ಬೋರ್ಡಿಗೆ ಹೋದರೂ ಕನ್ನಡ ಬಿಟ್ಟುಹೋಗುತ್ತದೆ ಅಂತ ತಾತ ಹೆದರುವುದೂ ಬೇಡ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೂ ಅನ್ವಯ ಆಗುತ್ತದೆ.

ಇನ್ನು ತಾತನ ಲೆಕ್ಕ. ಅವರನ್ನು ಫೋನಿನಲ್ಲಿ ಮಾತಾಡಿಸಿದೆ. ಅವರು ಹೇಳಿದ್ದು ಸುಳ್ಳಲ್ಲ. ಸಿಇಟಿ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಆದರೆ 1ರಿಂದ 10ರವರೆಗೆ ಹತ್ತೂ ವರ್ಷ ಹಾಗೇ ಓದಿರಬೇಕು. ನಡುವೆ ಒಂದು ವರ್ಷ ಪಟ್ಟಣದ ಶಾಲೆಗೆ ಹೋದರೂ ಗ್ರಾಮೀಣ ಕೋಟಾ ಕೈತಪ್ಪುತ್ತದೆ. ಆದಾಯದ ಷರತ್ತೂ ಇದೆ. ಮೈಸೂರಿನ ರಿಂಗ್ ರೋಡ್ ಆಚೆ ಈಚೆ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ‘ನಮ್ಮದು ಹಳ್ಳಿ ತಾನೇ’ ಅಂತ ನಂಬಿಕೊಂಡು ಕೂರಬೇಡಿ, ಶಾಲೆ ಇರುವ ಜಾಗ ಯಾವ ಲೆಕ್ಕಕ್ಕೆ ಬರುತ್ತದೆ ಅಂತ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಇಡೀ ಕುಟುಂಬ ಹಳ್ಳಿಯಲ್ಲೇ ಇದ್ದಿದ್ದರೆ ನಾನೇ ಅಲ್ಲಿಯ ಸರ್ಕಾರಿ ಶಾಲೆಗೆ ಕಳಿಸಿ ಅನ್ನುತ್ತಿದ್ದೆ. ಆದರೆ ಹನ್ನೆರಡು ವರ್ಷ ಆದ ಮೇಲೆ ಸಿಗಬಹುದಾದ ಸೀಟಿಗೋಸ್ಕರ ಈಗ ಅಮ್ಮನ ಮಡಿಲು ತಪ್ಪಿಸುವುದು ಸರಿಯಲ್ಲ ಅಂತ ಮೇಷ್ಟ್ರಿಗೆ ನೇರವಾಗಿಯೇ ಹೇಳಿದೆ. ಅವರಿಗೆ ಬೇಸರ ಆಯಿತು. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿ, “ರಜಕ್ಕಾದ್ರೂ ಕಳಿಸ್ಲಿ, ಅಕ್ಷರ ನಾನ್ ತಿದ್ದಿಸ್ತೀನಿ” ಅಂದರು. ಅದಕ್ಕಿಂತ ಒಳ್ಳೆಯ ಟ್ಯೂಷನ್ ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ?

ಸಿಬಿಎಸ್‌ಇ ಶಾಲೆಯ ಲೆಕ್ಕವನ್ನು ಹಾಳೆಯ ಮೇಲೆ ಹಾಕಿದೆವು. ಮೊದಲ ವರ್ಷ ಫೀಸು 75,000, ಬಸ್ಸು 24,000. ಮನೆಗೆ ಬರುವ ಎರಡು ಸಂಬಳ ಸೇರಿ ತಿಂಗಳಿಗೆ 46,000. ವರ್ಷಕ್ಕೆ ಶೇ. 10 ಏರಿಕೆ ಅಂತ ಹಿಡಿದರೆ ಹತ್ತನೇ ತರಗತಿಯ ಫೀಸೇ 1.77 ಲಕ್ಷ ಆಗುತ್ತದೆ. ಹತ್ತು ವರ್ಷಕ್ಕೆ ಫೀಸು ಸುಮಾರು 12 ಲಕ್ಷ, ಬಸ್ಸು 3.8 ಲಕ್ಷ. ಮನೆ ಹತ್ತಿರದ ಶಾಲೆಯ ಫೀಸು 35,000. ಅದೇ ಲೆಕ್ಕದಲ್ಲಿ ಹತ್ತು ವರ್ಷಕ್ಕೆ 5.6 ಲಕ್ಷ. ಬಸ್ಸಿನ 24,000ವನ್ನಷ್ಟೇ ವರ್ಷ ವರ್ಷ ಪಿಪಿಎಫ್ ಅನ್ನುವ ಸರ್ಕಾರಿ ಉಳಿತಾಯ ಖಾತೆಗೆ ಕಟ್ಟಿದರೆ, 2025ರಲ್ಲಿದ್ದ ಶೇ. 7.1 ಬಡ್ಡಿ ಹಾಗೇ ಇದ್ದರೆ, 15 ವರ್ಷಕ್ಕೆ ಸುಮಾರು 6.5 ಲಕ್ಷ ಆಗುತ್ತದೆ. ಏಳನೇ ವರ್ಷದಿಂದ ಸ್ವಲ್ಪ ಭಾಗ ತೆಗೆಯಲೂ ಬರುತ್ತದೆ, ಹಾಗಾಗಿ ಪಿಯುಸಿ ಸೇರುವಾಗ ಕೈ ಖಾಲಿ ಇರುವುದಿಲ್ಲ. ತಾಯಿಯ ಭಯಕ್ಕೆ ನಿಜವಾದ ಆಸರೆ ಇದು. ಕಷ್ಟ ಬರುವುದು ಪಿಯುಸಿಯಲ್ಲಾದರೆ ದುಡ್ಡೂ ಆಗಲೇ ಬೇಕು, ಅಲ್ವಾ?

ಮುಂದಾಲೋಚನೆ ಬೇಡ ಅಂತ ನಾನು ಹೇಳುತ್ತಿಲ್ಲ. ಹದಿನೈದು ವರ್ಷದ್ದನ್ನೆಲ್ಲ ಒಂದನೇ ತರಗತಿಯ ಅರ್ಜಿಯಲ್ಲೇ ತೀರ್ಮಾನ ಮಾಡಬೇಡಿ ಅನ್ನುತ್ತಿದ್ದೇನೆ. ಐದನೇ ತರಗತಿವರೆಗೆ ಒಂದು ಘಟ್ಟ. ಆರನೇ ತರಗತಿಗೆ ಹೊಸ ಬಾಗಿಲುಗಳು ತೆರೆಯುತ್ತವೆ: ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕೊಡಗಿನ ಸೈನಿಕ ಶಾಲೆ. ನವೋದಯದಲ್ಲಿ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಅದಕ್ಕೆ 3, 4, 5ನೇ ತರಗತಿ ಹಳ್ಳಿಯ ಶಾಲೆಯಲ್ಲಿ ಓದಿರಬೇಕು, ಹಾಗಾಗಿ ಪುಟ್ಟನಿಗೆ ಉಳಿಯುವುದು ಮಿಕ್ಕ ಸೀಟುಗಳು ಮಾತ್ರ. ಬೋರ್ಡ್ ಬದಲಾಯಿಸಬೇಕು ಅನಿಸಿದರೆ ಎಂಟನೇ ತರಗತಿವರೆಗೆ ದೊಡ್ಡ ತೊಡಕಿಲ್ಲ, ಒಂಬತ್ತರ ನಂತರ ಕಷ್ಟ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ನೋಡುವುದು ಪಿಯುಸಿಯ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಂದನೇ ತರಗತಿಯಲ್ಲಿ ಯಾವ ಸಿಲಬಸ್ ಓದಿದ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ವಯಸ್ಸಿನ ಪ್ರಶ್ನೆಗೆ ಹೆಚ್ಚು ಹೊತ್ತು ಹಿಡಿಯಿತು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ 2025-26ರಿಂದ ಜಾರಿ ಆಗಬೇಕಿತ್ತು. ಅದೇ ಏಪ್ರಿಲ್‌ನಲ್ಲಿ ಸರ್ಕಾರ ಆ ವರ್ಷದ ಮಟ್ಟಿಗೆ, ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಿಗೆ ಇಳಿಸಿತು. ಪುಟ್ಟ ಹುಟ್ಟಿದ್ದು 2019ರ ನವೆಂಬರ್. ಜೂನ್‌ಗೆ 5 ವರ್ಷ 7 ತಿಂಗಳು. ಬಾಗಿಲು ತೆರೆಯಿತು ಅಂತ ಮನೆಯಲ್ಲಿ ಖುಷಿಯೋ ಖುಷಿ. ಸೇರಿಸಬಹುದು ಅಂದ ಮಾತ್ರಕ್ಕೆ ಸೇರಿಸಲೇಬೇಕು ಅಂತೇನಿಲ್ಲ, ಒಂದು ವರ್ಷ ಕಾಯಿರಿ ಅಂದೆ. ತನಗಿಂತ ಹತ್ತು ತಿಂಗಳು, ವರ್ಷ ದೊಡ್ಡವರಾದ ಮಕ್ಕಳ ನಡುವೆ ಕೂತಾಗ ಪೆನ್ಸಿಲ್ ಹಿಡಿತದಲ್ಲಿ, ಮಾತಿನಲ್ಲಿ, ಓಟದಲ್ಲಿ ಎಲ್ಲದರಲ್ಲೂ ಅವನೇ ಹಿಂದೆ ಅನಿಸುತ್ತದೆ. ಆಗಲೇ ಪೆಟ್ಟು ತಿಂದಿರುವ ಮನಸ್ಸಿಗೆ ಅದು ಬೇಡ. ಕಾಯುವುದರಿಂದ ಲಾಭವೂ ಇತ್ತು. ಕೇಂದ್ರೀಯ ವಿದ್ಯಾಲಯಕ್ಕೆ ಮಾರ್ಚ್ 31ಕ್ಕೆ ಆರು ತುಂಬಿರಬೇಕು, ಮುಂದಿನ ವರ್ಷ ಅವನಿಗೆ ಅದು ತುಂಬುತ್ತಿತ್ತು. ಆದರೆ ಅಲ್ಲಿ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಮೊದಲ ಆದ್ಯತೆ, ಉಳಿದದ್ದು ಲಾಟರಿ. ಆಸೆ ಇಟ್ಟುಕೊಳ್ಳದೆ ಅರ್ಜಿ ಹಾಕಿ, ಸಿಗದಿದ್ದರೆ ಅದರ ಸುದ್ದಿ ಮಗುವಿನ ಕಿವಿಗೆ ಬೀಳಬಾರದು ಅಂದೆ.

“ಅಕ್ಕಪಕ್ಕದವರು ವರ್ಷ ವೇಸ್ಟ್ ಮಾಡಿದ್ರಿ ಅಂತಾರೆ” ಅಂದರು ತಂದೆ. ಅನ್ನಲಿ ಬಿಡಿ ಅಂದೆ.

ಶಾಲೆ ನೋಡಲು ಹೋಗುವಾಗ ಏನು ನೋಡಬೇಕು ಅಂತ ತಂದೆ ಕೇಳಿದರು. ಸ್ಮಾರ್ಟ್ ಬೋರ್ಡು, ಈಜುಕೊಳ ಆಮೇಲೆ ನೋಡಿ. ಮೊದಲು ಮಕ್ಕಳ ಶೌಚಾಲಯಕ್ಕೆ ಹೋಗಿ ಬನ್ನಿ. ನೀರು ಇದೆಯಾ, ಚಿಲಕ ಮಗುವಿನ ಕೈಗೆ ಎಟುಕುತ್ತದಾ ನೋಡಿ. ಹಾಸಿಗೆ ಒದ್ದೆ ಮಾಡುವ ಭಯ ಇರುವ ಮಗುವಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಒಂದು ಸೆಕ್ಷನ್ನಿನಲ್ಲಿ ಎಷ್ಟು ಮಕ್ಕಳು ಕೇಳಿ. ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಅನ್ನುವುದು ಕಾಯ್ದೆಯ ಅಳತೆ. ಒಂದನೇ ತರಗತಿಯ ಮಿಸ್ ಆ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಅಂತ ವಿಚಾರಿಸಿ. ವರ್ಷಕ್ಕೊಬ್ಬರು ಬಿಟ್ಟು ಹೋಗುವ ಶಾಲೆಯಲ್ಲಿ ಏನೋ ಸರಿಯಿಲ್ಲ. ಮಾನ್ಯತೆ ಯಾವ ತರಗತಿವರೆಗೆ, ಯಾವ ಮಾಧ್ಯಮಕ್ಕೆ, ಯಾವ ಬೋರ್ಡಿಗೆ ಇದೆ ಅಂತ ಕಾಗದದಲ್ಲೇ ನೋಡಿ, ಶಾಲೆಯ ನಾಮಫಲಕದ ಮೇಲೆ ಬರೆದದ್ದನ್ನು ನಂಬಬೇಡಿ. ಕೊನೆಗೆ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಮಕ್ಕಳ ಮುಖ ನೋಡಿ.

ಮನೆಗೆ ಕೊಟ್ಟ ಸಲಹೆ ಚಿಕ್ಕದು. ಒದ್ದೆ ಹಾಸಿಗೆಗೆ ಬೈಗುಳ ಇಲ್ಲ, ನೆಂಟರ ಮುಂದೆ ಅದರ ಮಾತಿಲ್ಲ. ಮಲಗುವ ಮುಂಚೆ ಒಂದು ಸಲ ಬಚ್ಚಲಿಗೆ ಕಳಿಸಿ, ಹಾಸಿಗೆ ಕೆಳಗೆ ರಬ್ಬರ್ ಶೀಟ್ ಹಾಕಿ. ಶಾಲೆಯ ಚರ್ಚೆ ಅವನು ಮಲಗಿದ ಮೇಲೆ. ಮತ್ತೆ, ಅಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ಹೇಳಬೇಕು: ನೀನು ಫೇಲ್ ಆಗಿರಲಿಲ್ಲ ಕಂದ, ಅಲ್ಲಿ ಪರೀಕ್ಷೆ ಮಾಡಿದ್ದೇ ತಪ್ಪು. ಅಪ್ಪ ಹೇಳಿದರಂತೆ. ಪುಟ್ಟ, “ಹಂಗಾದ್ರೆ ಅಮ್ಮ ಯಾಕತ್ಲು?” ಅಂದನಂತೆ. ಅದಕ್ಕೆ ಉತ್ತರ ಅಮ್ಮನೇ ಹೇಳಬೇಕಿತ್ತು, ಹೇಳಿದರು.

ಅವನು ಇನ್ನೊಂದು ವರ್ಷ ಮನೆ ಹತ್ತಿರದ ಯುಕೆಜಿಯಲ್ಲೇ ಉಳಿದ. ಬೇಸಿಗೆ ರಜೆ ಪೂರ್ತಿ ತಾತನ ಊರಿನಲ್ಲಿ ಕಳೆದ. ಹಾಸಿಗೆ ಒದ್ದೆ ಆಗುವುದು ದಸರಾ ಹೊತ್ತಿಗೆ ಪೂರ್ತಿ ನಿಂತಿತು. ಒಂದನೇ ತರಗತಿಗೆ ತಂದೆ ಹೇಳಿದ ಶಾಲೆಯೇ ಅಂತ ತೀರ್ಮಾನ ಆಯಿತು. ತಾಯಿಗೆ ಈಗಲೂ ಅರ್ಧ ಮನಸ್ಸು. ಅದನ್ನು ನನ್ನ ಹತ್ತಿರ ಮುಚ್ಚಿಡಲಿಲ್ಲ. ನಾಲ್ಕನೇ ತರಗತಿ ಮುಗಿಯುವಾಗ ಮತ್ತೆ ಬನ್ನಿ ಅಂದಿದ್ದೇನೆ. ನವೋದಯ ಪರೀಕ್ಷೆ ಬರೆಯಬೇಕೋ, ಅಲ್ಲೇ ಮುಂದುವರಿಯಬೇಕೋ ಅನ್ನುವುದನ್ನು ಆಗ ಪುಟ್ಟನನ್ನೂ ಕೂರಿಸಿಕೊಂಡು ಮಾತಾಡುತ್ತೇವೆ.